ಎದುರಾಳಿ ಯಂತ್ರಕ್ಕೆ ಎಷ್ಟು ರಿಯಾಯಿತಿ ಕೊಟ್ಟಿದ್ದೀರಿ, ಹೇಳಿಬಿಡಿ

ಫುಟ್‌ಬಾಲ್ ವಿಡಿಯೊ ಗೇಮ್ ಆಡುವ ಹುಡುಗರ ಬಾಯಲ್ಲಿ ಸದಾ ಕೇಳಿಬರುವ ದೂರು ಒಂದಿದೆ: ಕಂಪ್ಯೂಟರ್ ಮೋಸ ಮಾಡುತ್ತದೆ. 88ನೇ ನಿಮಿಷದವರೆಗೂ ಇವರು ಒಂದು ಗೋಲಿನಿಂದ ಮುಂದಿರುತ್ತಾರೆ. ಎದುರಾಳಿ ತಂಡ ಅಲ್ಲಿಯತನಕ ಇವರ ಪೆನಾಲ್ಟಿ ಬಾಕ್ಸಿನ ಹತ್ತಿರವೂ ಸುಳಿದಿರುವುದಿಲ್ಲ. ಆಮೇಲೆ ಏನಾಗುತ್ತದೋ, ಅದರ ಆಟಗಾರರ ಕಾಲಿಗೆ ಇದ್ದಕ್ಕಿದ್ದಂತೆ ಬಲ ಬರುತ್ತದೆ. ಪಂದ್ಯವಿಡೀ ಒಂದೂ ತಪ್ಪು ಮಾಡದ ಇವರ ಡಿಫೆಂಡರ್ ಚೆಂಡನ್ನು ಎದುರಾಳಿಯ ಕಾಲಿಗೇ ಒಪ್ಪಿಸುತ್ತಾನೆ. ಗೋಲಿಯ ಕೈಗೆ ತಾಗಿದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗುತ್ತದೆ. ತುಮಕೂರಿನ ಕ್ಯಾತ್ಸಂದ್ರದ ಬಾಡಿಗೆ ರೂಮುಗಳಿಂದ ಹಿಡಿದು ಗುಬ್ಬಿ, ಕುಣಿಗಲ್ ಬಸ್ಸುಗಳ ಹಿಂದಿನ ಸೀಟಿನವರೆಗೆ ಆಗ ಬರುವುದು ಒಂದೇ ಮಾತು, ‘ಇದು ಮೊದಲೇ ಸೆಟ್ ಆಗಿದೆ’. ಈ ಮಾತಿನಲ್ಲಿ ಒಂದಷ್ಟು ನಿಜ ಇದೆ, ಒಂದಷ್ಟು ಸೋತವನ ಸಂಕಟ ಇದೆ. ಎರಡನ್ನೂ ಬಿಡಿಸಿ ನೋಡುವುದು ಅಗತ್ಯ. ಏಕೆಂದರೆ ಕಂಪ್ಯೂಟರ್ ಎದುರಾಳಿಗೆ ಹೆಚ್ಚಿನ ಅನುಕೂಲ ಕೊಡುವುದೇ ತಪ್ಪು ಎಂದು ನಾನು ಹೇಳಲಾರೆ. ಕೊಟ್ಟದ್ದನ್ನು ಬಚ್ಚಿಡುವುದು ತಪ್ಪು. ಎಷ್ಟು ಅನುಕೂಲ, ಎಲ್ಲಿ, ಯಾವಾಗ ಎಂಬುದು ಗೊತ್ತಿದ್ದರೆ ಹದಿನಾಲ್ಕು ವರ್ಷದ ಹುಡುಗನೂ ತಲೆ ಓಡಿಸಿ ಅದನ್ನು ಸೋಲಿಸಬಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಬಲಿಷ್ಠ ಆಟಗಾರರನ್ನು ಕೊಳ್ಳಲು ಅವನ ಕೈ ಅಪ್ಪನ ಯುಪಿಐ ಕಡೆಗೆ ಹೋಗುತ್ತದೆ.

ಕಂಪ್ಯೂಟರಿಗೆ ಅನುಕೂಲ ಬೇಕಾಗುವುದಾದರೂ ಏಕೆ? ಮನುಷ್ಯನ ಹಾಗೆ ಆಡುವುದು ಯಂತ್ರಕ್ಕೆ ಕಷ್ಟ, ಮನುಷ್ಯನಿಗೆ ಅಸಾಧ್ಯವಾದದ್ದನ್ನು ಮಾಡುವುದು ಅದಕ್ಕೆ ಸುಲಭ. 2019ರ ಜನವರಿಯಲ್ಲಿ ಡೀಪ್‌ಮೈಂಡ್ ಕಂಪನಿಯ ಆಲ್ಫಾಸ್ಟಾರ್ ಎಂಬ ಪ್ರೋಗ್ರಾಂ ‘ಸ್ಟಾರ್‌ಕ್ರಾಫ್ಟ್ 2’ ಎಂಬ ಯುದ್ಧದ ಆಟದಲ್ಲಿ ಇಬ್ಬರು ವೃತ್ತಿಪರ ಆಟಗಾರರನ್ನು ಸೋಲಿಸಿತು. ಹತ್ತಕ್ಕೆ ಹತ್ತೂ ಪಂದ್ಯ ಅದರದ್ದೇ. ಆದರೆ ಆ ಪಂದ್ಯಗಳಲ್ಲಿ ಯಂತ್ರಕ್ಕೆ ಮೈದಾನದಲ್ಲಿ ಕಾಣಿಸಬಹುದಾದದ್ದೆಲ್ಲ ಒಂದೇ ನೋಟಕ್ಕೆ ಕಾಣುತ್ತಿತ್ತು. ಮನುಷ್ಯ ಆಟಗಾರನೋ ಪರದೆಯನ್ನು ಅತ್ತಿತ್ತ ಸರಿಸಿ ಸರಿಸಿ ನೋಡಬೇಕಿತ್ತು. ಯಂತ್ರವೂ ಹಾಗೆಯೇ ಪರದೆ ಸರಿಸಿ ನೋಡಬೇಕು ಎಂಬ ಷರತ್ತು ಹಾಕಿ ಆಡಿಸಿದ ಹನ್ನೊಂದನೇ ಪಂದ್ಯದಲ್ಲಿ ‘ಮಾನಾ’ ಎಂಬ ಹೆಸರಿನಲ್ಲಿ ಆಡುವ ಪೋಲೆಂಡಿನ ಆಟಗಾರ ಗೆದ್ದ. ಟೀಕೆ ಬಂದ ಮೇಲೆ ಡೀಪ್‌ಮೈಂಡ್ ಪರದೆಯ ಮಿತಿಯನ್ನೂ, ಯಂತ್ರ ನಿಮಿಷಕ್ಕೆ ಎಷ್ಟು ಸಲ ಆಜ್ಞೆ ಕೊಡಬಹುದೆಂಬ ಮಿತಿಯನ್ನೂ ಬಿಗಿ ಮಾಡಿ, ಆ ವಿವರಗಳನ್ನು ಅದೇ ವರ್ಷ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿತು. ನ್ಯಾಯದ ಪ್ರಶ್ನೆಯನ್ನು ಹೀಗೂ ಬಗೆಹರಿಸಬಹುದು: ಯಂತ್ರಕ್ಕೆ ಏನು ಕಾಣುತ್ತದೆ, ಅದು ಎಷ್ಟು ಬೇಗ ಕೈಯಾಡಿಸುತ್ತದೆ ಎಂದು ಬರೆದು ಹೇಳುವುದು. ಅಂಗಡಿಯಲ್ಲಿ ಸಿಗುವ ಫುಟ್‌ಬಾಲ್ ಗೇಮುಗಳಲ್ಲಿ ಈ ಮಾಹಿತಿ ಪೂರ್ತಿಯಾಗಿ ಸಿಗುವುದಿಲ್ಲ.

ಫುಟ್‌ಬಾಲ್ ಗೇಮಿನಲ್ಲಿ ಕಂಪ್ಯೂಟರಿಗೆ ಸಿಗಬಹುದಾದ ಅನುಕೂಲ ಮೂರು ಬಗೆಯದು. ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು, ಲೆವೆಲ್. ಹಿಂದೆ ಫಿಫಾ ಎಂದಿದ್ದು 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಎಂಬ ಹೆಸರಿನಲ್ಲಿ ಬರುತ್ತಿರುವ ಆಟದಲ್ಲಿ ಬಿಗಿನರ್‌ನಿಂದ ಲೆಜೆಂಡರಿ, ಅಲ್ಟಿಮೇಟ್‌ವರೆಗೆ ಮೆಟ್ಟಿಲುಗಳಿವೆ. ಮೇಲೆ ಹೋದಷ್ಟೂ ಕಂಪ್ಯೂಟರ್ ಚುರುಕಾಗುತ್ತದೆ, ಸರಿ. ಆದರೆ ಆ ಚುರುಕು ತಂಡದ ನಿಜವಾದ ಶಕ್ತಿಯನ್ನು ಮೀರಿಬಿಡುತ್ತದೆ ಎಂಬುದು ಆಟಗಾರರ ಹಳೆಯ ತಕರಾರು. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ ನಮ್ಮ ಬೆಂಗಳೂರು ಎಫ್‌ಸಿ ಪರದೆಗೆ ಬಂತು. ಲೀಗಿನ ಹೆಚ್ಚಿನ ಆಟಗಾರರಿಗೆ ಸಿಕ್ಕ ರೇಟಿಂಗ್ ಅರವತ್ತರ ಆಸುಪಾಸು. ಅಂಥ ತಂಡ ನಮ್ಮ ಕೈಯಲ್ಲಿದ್ದಾಗ ಹತ್ತು ಮಾರು ದೂರದ ಪಾಸ್ ಕೂಡ ತಪ್ಪುತ್ತದೆ. ಅದೇ ತಂಡ ಮೇಲಿನ ಲೆವೆಲ್‌ನಲ್ಲಿ ಕಂಪ್ಯೂಟರ್ ಕೈಗೆ ಹೋದರೆ ಯುರೋಪಿನ ಚಾಂಪಿಯನ್ನರ ಹಾಗೆ ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುತ್ತದೆ. ಇದು ಅಸಹಜ, ಆದರೆ ಗುಟ್ಟಲ್ಲ. ಲೆವೆಲ್ ಆರಿಸಿಕೊಂಡವರು ನಾವೇ. ಅಷ್ಟು ಸಾಲದೆಂದು ಕನ್ಸೋಲ್ ಆವೃತ್ತಿಯಲ್ಲಿ ಸ್ಲೈಡರ್‌ಗಳೂ ಇವೆ. ಓಟದ ವೇಗ, ಪಾಸ್ ತಪ್ಪುವ ಪ್ರಮಾಣ, ಗೋಲಿಯ ಸಾಮರ್ಥ್ಯ ಮುಂತಾದವನ್ನು ನಮಗೆ ಬೇರೆ, ಕಂಪ್ಯೂಟರಿಗೆ ಬೇರೆ ಎಂದು ಸೊನ್ನೆಯಿಂದ ನೂರರವರೆಗೆ ಹೊಂದಿಸಬಹುದು. ಕಂಪನಿಯಿಂದ ಬರುವಾಗ ಎಲ್ಲವೂ 50ರಲ್ಲಿರುತ್ತವೆ. ಪಾಸ್ ವಿಪರೀತ ನಿಖರವಾಗಿದೆ ಎಂದು ಅನ್ನಿಸಿದರೆ ಕಂಪ್ಯೂಟರ್ ಕಡೆಯ ತಪ್ಪಿನ ಸಂಖ್ಯೆಯನ್ನು ಕೊಂಚ ಏರಿಸಿದರಾಯಿತು. ನ್ಯಾಯ ನಮ್ಮ ಕೈಯಲ್ಲೇ ಇರುವ ಅಪರೂಪದ ಜಾಗ ಇದು. ಮೊಬೈಲ್ ಆವೃತ್ತಿಗಳಲ್ಲಿ ಇಷ್ಟು ಅಧಿಕಾರ ಆಟಗಾರನಿಗೆ ಸಿಗದಿರುವುದು ದುರದೃಷ್ಟ. ನಮ್ಮ ಕಡೆ ಹೆಚ್ಚಿನವರು ಆಡುವುದು ಮೊಬೈಲಿನಲ್ಲೇ.

ಎರಡನೆಯ ಅನುಕೂಲ ಮಾಹಿತಿಯದು. ನಾವು ಶೂಟ್ ಬಟನ್ ಒತ್ತಿದ ಕ್ಷಣಕ್ಕೂ ಪರದೆಯ ಆಟಗಾರ ಕಾಲೆತ್ತಿ ಒದೆಯುವುದಕ್ಕೂ ನಡುವೆ ಒಂದು ಸಣ್ಣ ಅಂತರ ಇರುತ್ತದೆ. ಎದುರಿಗಿರುವವನು ಮನುಷ್ಯನಾದರೆ ಆ ಕಾಲು ಏಳುವುದನ್ನು ಕಂಡ ಮೇಲಷ್ಟೇ ಅವನಿಗೆ ವಿಷಯ ತಿಳಿಯುತ್ತದೆ. ಕಂಪ್ಯೂಟರಿಗಾದರೆ ಬಟನ್ ಒತ್ತಿದ ಸುದ್ದಿ ಆಗಲೇ ತನ್ನ ಮೆಮೊರಿಯಲ್ಲಿರುತ್ತದೆ. ಅದನ್ನು ಬಳಸುವುದೋ ಬಿಡುವುದೋ ಎಂಬುದು ಪ್ರೋಗ್ರಾಂ ಬರೆದವರ ತೀರ್ಮಾನ. ಕುಸ್ತಿ, ಬಾಕ್ಸಿಂಗ್ ಮಾದರಿಯ ಹಳೆಯ ಆಟಗಳಲ್ಲಿ ಇದನ್ನು ಬಳಸಿದ್ದು ಆಟಗಾರರಿಗೆಲ್ಲ ಗೊತ್ತಿರುವ ಸಂಗತಿ. ಯಾವ ಫುಟ್‌ಬಾಲ್ ಗೇಮಿನಲ್ಲಿ ಎಷ್ಟರ ಮಟ್ಟಿಗೆ ಬಳಸಿದ್ದಾರೆ ಎಂಬುದನ್ನು ಮಾತ್ರ ಹೊರಗಿನಿಂದ ಕಂಡುಹಿಡಿಯುವುದು ಕಷ್ಟ. ಇಲ್ಲಿ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. ಬೆಂಗಳೂರು–ತುಮಕೂರು ರೈಲಿನಲ್ಲಿ ಕೂತು ಆನ್‌ಲೈನ್ ಪಂದ್ಯ ಆಡುವವನಿಗೆ ಬಟನ್ ಒತ್ತಿದರೂ ಆಟಗಾರ ಕದಲದಿದ್ದರೆ ಅದು ಯಂತ್ರದ ಕುತಂತ್ರ ಆಗಬೇಕಿಲ್ಲ. ರೈಲು ಓಡುತ್ತಿರುವಾಗ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರುತ್ತದೆ, ಆ ವಿಳಂಬವೇ ಸೋಲಿಗೆ ಸಾಕು.

ಮೂರನೆಯದೇ ನಿಜವಾದ ಜಗಳದ ಮೂಲ: ಪಂದ್ಯದ ನಡುವೆ, ನಮಗೆ ಹೇಳದೆ, ಕಷ್ಟದ ಮಟ್ಟವನ್ನು ಏರಿಸುವುದು, ಇಳಿಸುವುದು. ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿ ಇಂಥದೊಂದು ತಂತ್ರಕ್ಕೆ 2016ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿತ್ತು. ಆಟಗಾರನ ನಡವಳಿಕೆ ನೋಡಿಕೊಂಡು, ಅವನು ಆಟ ಬಿಟ್ಟು ಹೋಗದಂತೆ ಕಷ್ಟವನ್ನು ಹೊಂದಿಸುವುದು ಅದರ ಸಾರ. 2017ರಲ್ಲಿ ಅದೇ ಕಂಪನಿಯ ಸಂಶೋಧಕರು ವಿಶ್ವವಿದ್ಯಾಲಯದವರ ಜತೆ ಸೇರಿ ಬರೆದ ಪ್ರಬಂಧವೊಂದರಲ್ಲಿ, ಆನ್‌ಲೈನ್ ಪಂದ್ಯಗಳಲ್ಲಿ ಸಮಬಲದವರನ್ನು ಜೋಡಿ ಮಾಡುವ ಬದಲು ಆಟಗಾರ ಆಟದಲ್ಲೇ ಉಳಿಯುವಂತೆ ಜೋಡಿ ಮಾಡುವುದು ಹೇಗೆ ಎಂಬ ಲೆಕ್ಕಾಚಾರ ಇತ್ತು. 2020ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೂವರು ಆಟಗಾರರು ಕೋರ್ಟಿಗೆ ಹೋದರು. ಆಟಗಾರರ ಕಾರ್ಡುಗಳ ಪ್ಯಾಕ್ ಕೊಂಡು ತಂಡ ಕಟ್ಟುವ, ಫಿಫಾ ಗೇಮಿನ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ಈ ತಂತ್ರ ಬಳಸಿ ನಮ್ಮನ್ನು ಸೋಲಿಸಿ, ಹೆಚ್ಚು ಪ್ಯಾಕ್ ಕೊಳ್ಳುವಂತೆ ಮಾಡುತ್ತಿದ್ದಾರೆ ಎಂಬುದು ಅವರ ಆಪಾದನೆ. ಇಎ ಅದನ್ನು ಅಲ್ಲಗಳೆಯಿತು, ತನ್ನ ಎಂಜಿನಿಯರುಗಳ ಜತೆ ಮಾತಾಡಲು ಅವಕಾಶ ಕೊಟ್ಟು ತಾಂತ್ರಿಕ ವಿವರ ಒದಗಿಸಿತು. 2021ರಲ್ಲಿ ದೂರುದಾರರೇ ಮೊಕದ್ದಮೆ ಹಿಂದೆಗೆದುಕೊಂಡರು. ಇದನ್ನು ಮುಚ್ಚಿಡದೆ ಹೇಳಬೇಕು. ನನ್ನ ವಾದಕ್ಕೆ ಬಲ ಬರುವುದೂ ಇಲ್ಲಿಂದಲೇ. ಹೇಳಿದ ಕೂಡಲೇ ಜಗಳ ಮುಗಿಯಿತು ಎಂದ ಮೇಲೆ ಮೊದಲೇ ಹೇಳಬಹುದಿತ್ತಲ್ಲ? ಆ ವಿವರ ಮೂವರು ದೂರುದಾರರಿಗೆ, ವಕೀಲರನ್ನು ಇಟ್ಟುಕೊಂಡ ಮೇಲೆ ಸಿಕ್ಕಿತು. ಲಕ್ಷಾಂತರ ಆಟಗಾರರಿಗೆ ಸಿಕ್ಕಿದ್ದು ಕಂಪನಿಯ ಹೇಳಿಕೆ ಮಾತ್ರ.

ಹಾಗೆಂದು ಆಟಗಾರರ ದೂರನ್ನೆಲ್ಲ ಪ್ರಮಾಣವೆಂದು ತೆಗೆದುಕೊಳ್ಳುವಂತಿಲ್ಲ. ‘ಸಿವಿಲೈಸೇಷನ್’ ಆಟ ರೂಪಿಸಿದ ಸಿಡ್ ಮೇಯರ್ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರುಗಳ ಸಮ್ಮೇಳನದಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಿದ್ದರು. ಗೆಲ್ಲುವ ಸಂಭವ ಮೂರು ಪಾಲು, ಸೋಲುವ ಸಂಭವ ಒಂದು ಪಾಲು ಎಂದು ಪರದೆಯಲ್ಲಿ ತೋರಿಸಿ, ಆಟಗಾರ ಸೋತರೆ ಅವನು ಸಿಟ್ಟಾಗುತ್ತಾನೆ. ಅದೇ ಲೆಕ್ಕ ತಿರುಗುಮುರುಗಾಗಿ, ಸೋಲಬೇಕಾದವನು ಗೆದ್ದರೆ ಅದು ತನ್ನ ಸಾಮರ್ಥ್ಯ ಎಂದುಕೊಳ್ಳುತ್ತಾನೆ. ಕೊನೆಗೆ ಮೇಯರ್ ತಂಡ ಆಟಗಾರನ ಪರವಾಗಿಯೇ ಲೆಕ್ಕವನ್ನು ಬಾಗಿಸಬೇಕಾಯಿತು. ಕೊನೆಯ ನಿಮಿಷದ ಗೋಲಿನ ದೂರೂ ಇದೇ ಜಾತಿಯದು. ನಿಜವಾದ ಫುಟ್‌ಬಾಲಿನಲ್ಲೂ ಪಂದ್ಯವನ್ನು ಹದಿನೈದು ನಿಮಿಷಗಳ ತುಂಡುಗಳಾಗಿ ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ಅತಿ ಹೆಚ್ಚು ಗೋಲು ಬೀಳುವುದು ಕೊನೆಯ ತುಂಡಿನಲ್ಲೇ. ಕಾಲು ಸೋತಿರುತ್ತದೆ, ಹಿಂದುಳಿದ ತಂಡ ಎಲ್ಲವನ್ನೂ ಪಣಕ್ಕಿಟ್ಟು ಮುಂದೆ ನುಗ್ಗಿರುತ್ತದೆ. 2018ರ ವಿಶ್ವಕಪ್‌ನಲ್ಲಿ ಜೂನ್ 27ರಂದು ಕಜಾನ್‌ನಲ್ಲಿ ಜರ್ಮನಿ ಪಂದ್ಯದ ಬಹುಪಾಲು ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡಿತ್ತು. ದಕ್ಷಿಣ ಕೊರಿಯಾ ಎರಡು ಗೋಲು ಹೊಡೆಯಿತು, ಎರಡೂ ತೊಂಬತ್ತು ನಿಮಿಷ ಕಳೆದ ಮೇಲೆ. ಹಾಲಿ ಚಾಂಪಿಯನ್ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಇದೇ ಪಂದ್ಯ ವಿಡಿಯೊ ಗೇಮಿನಲ್ಲಿ ನಡೆದಿದ್ದರೆ ಜರ್ಮನಿಯ ಕಡೆ ಆಡಿದವನು ಕಂಟ್ರೋಲರ್ ಎಸೆಯುತ್ತಿದ್ದ. ಆದ್ದರಿಂದ ಯಂತ್ರದ ಮೇಲೆ ಗುಮಾನಿ ಬಂದವರು ಮೊದಲು ಮಾಡಬೇಕಾದ್ದು ಪಂದ್ಯದ ರಿಪ್ಲೇ ಉಳಿಸಿಕೊಂಡು, ಆ ಗೋಲಿಗೆ ಮುಂಚಿನ ಹತ್ತು ಸೆಕೆಂಡುಗಳನ್ನು ನಿಧಾನವಾಗಿ ನೋಡುವುದು. ಹೆಚ್ಚಿನ ಸಲ ಅಲ್ಲಿ ಜಾಗ ಬಿಟ್ಟುಹೋದ ನಮ್ಮದೇ ಡಿಫೆಂಡರ್ ಕಾಣುತ್ತಾನೆ.

ಆ ಹತ್ತು ಸೆಕೆಂಡುಗಳಲ್ಲೇ ಯಂತ್ರವನ್ನು ಗೆಲ್ಲುವ ವಿದ್ಯೆಯೂ ಇದೆ. ಮೇಲಿನ ಲೆವೆಲ್‌ನ ಕಂಪ್ಯೂಟರ್ ನಮ್ಮ ಬಾಕ್ಸಿನ ಅಂಚಿಗೆ ಬಂದು ಚೆಂಡನ್ನು ಅಡ್ಡಡ್ಡ ಆಡಿಸುತ್ತದೆ. ಶೂಟ್ ಮಾಡುವ ಅವಸರ ಅದಕ್ಕಿಲ್ಲ. ಅದು ಕಾಯುತ್ತಿರುವುದು ನಮ್ಮ ತಾಳ್ಮೆ ಮುಗಿಯುವುದನ್ನು. ಆಟಗಾರ ತಡೆಯಲಾರದೆ ಸೆಂಟರ್ ಬ್ಯಾಕ್‌ನನ್ನು ಆರಿಸಿಕೊಂಡು ಓಟದ ಬಟನ್ ಒತ್ತಿ ಚೆಂಡಿನ ಮೇಲೆ ಬೀಳುತ್ತಾನೆ, ಟ್ಯಾಕಲ್ ಬಟನ್ ಒತ್ತುತ್ತಾನೆ. ಕಂಪ್ಯೂಟರಿನ ಆಟಗಾರ ಮೈ ಹೊರಳಿಸಿ ಆ ಡಿಫೆಂಡರ್ ಬಿಟ್ಟುಬಂದ ಜಾಗಕ್ಕೇ ಪಾಸ್ ಕೊಡುತ್ತಾನೆ. ಗೋಲು. ಮೋಸ ಎಂದು ಕೂಗುವುದು ಈ ಗಳಿಗೆಯಲ್ಲೇ. ಇಲ್ಲಿ ಮಾಡಬೇಕಾದ್ದು ಇದಕ್ಕೆ ವಿರುದ್ಧ. ಸೆಂಟರ್ ಬ್ಯಾಕ್‌ಗಳನ್ನು ಅವರ ಪಾಡಿಗೆ ಬಿಟ್ಟು, ಅವರ ಮುಂದಿನ ಮಿಡ್‌ಫೀಲ್ಡರನ್ನು ಕೈಗೆ ತೆಗೆದುಕೊಳ್ಳಬೇಕು. ಓಡಬಾರದು. ಚೆಂಡಿನ ಮೇಲೆ ಬೀಳದೆ, ಚೆಂಡಿಗೂ ಗೋಲಿಗೂ ನಡುವೆ ಎದುರಾಳಿಗೆ ಮುಖ ಕೊಟ್ಟು ಅಡ್ಡಡ್ಡ ಸರಿಯುತ್ತಿರಬೇಕು. ಪಾಸ್ ಹೋಗುವ ದಾರಿಯಲ್ಲಿ ನಿಂತರೆ ಸಾಕು, ಟ್ಯಾಕಲ್ ಮಾಡುವ ಅಗತ್ಯವೇ ಅಪರೂಪ. ನಮ್ಮ ಬಟನ್ ಯಂತ್ರಕ್ಕೆ ಮೊದಲೇ ತಿಳಿಯುತ್ತದೆ ಎಂಬುದು ನಿಜವೇ ಆಗಿದ್ದರೂ ಈ ಉಪಾಯದ ಮುಂದೆ ಅದು ನಿರುಪಯೋಗಿ, ಏಕೆಂದರೆ ಅದು ಓದಲು ನಾವು ಬಟನ್ನನ್ನೇ ಒತ್ತಿರುವುದಿಲ್ಲ.

ನಾವು ದಾಳಿ ಮಾಡುವಾಗಲೂ ಯಂತ್ರಕ್ಕೆ ಅಭ್ಯಾಸಬಲ ಇದೆ. ಅದರ ರಕ್ಷಣಾ ಸಾಲು ಚೆಂಡು ಇರುವ ಕಡೆಗೆ ಒಟ್ಟಾಗಿ ವಾಲುತ್ತದೆ. ಎಡಗಡೆ ನಾಲ್ಕಾರು ಪಾಸ್ ಆಡಿ ಅದನ್ನು ಎಳೆದುಕೊಂಡು, ಹಿಂದಕ್ಕೊಂದು ಪಾಸ್ ಕೊಟ್ಟು, ಬಲಗಡೆಗೆ ದಾಟಿಸಿದರೆ ಅಲ್ಲಿ ಬಯಲು ಸಿಗುತ್ತದೆ. ಗೋಲ್ ಲೈನಿನವರೆಗೆ ಹೋಗಿ ಎತ್ತರದ ಕ್ರಾಸ್ ಕೊಡುವ ಬದಲು ನೆಲದ ಮೇಲೆ ಹಿಂದಕ್ಕೆ ಎಳೆದುಕೊಟ್ಟ ಚೆಂಡಿಗೆ ಅದರ ಡಿಫೆಂಡರುಗಳು ತಡವಾಗಿ ತಿರುಗುತ್ತಾರೆ. ಇನ್ನು ಎಲ್ಲರೂ ಹೆದರುವ ಕೊನೆಯ ಹತ್ತು ನಿಮಿಷ. ಸೋಲುತ್ತಿರುವ ಕಂಪ್ಯೂಟರ್ ಆಗ ತನ್ನ ಎರಡೂ ಬದಿಯ ಡಿಫೆಂಡರುಗಳನ್ನು ಮುಂದಕ್ಕೆ ಕಳಿಸುತ್ತದೆ. ನಮ್ಮವರನ್ನೆಲ್ಲ ಬಾಕ್ಸಿನೊಳಗೆ ತುಂಬಿಕೊಂಡು ಕೂತರೆ ಅದು ಬಯಸಿದ್ದೇ ಆಯಿತು. ವೇಗದ ಒಬ್ಬ ಫಾರ್ವರ್ಡನನ್ನು ಮಧ್ಯದ ಗೆರೆಯ ಹತ್ತಿರ ಬಿಟ್ಟು, ಚೆಂಡು ಸಿಕ್ಕ ಮೊದಲ ಪಾಸ್‌ನಲ್ಲೇ ಅವನ ಮುಂದಿನ ಖಾಲಿ ಜಾಗಕ್ಕೆ ಕಳಿಸಿದರೆ 89ನೇ ನಿಮಿಷದ ಗೋಲು ನಮ್ಮದಾಗುತ್ತದೆ. ಕಂಪ್ಯೂಟರಿಗೆ ಹೆಚ್ಚು ಬಲ ಕೊಡುವ ನಿಯಮ ಇದ್ದರೂ ಅದು ನಿಯಮವೇ. ಅದೇ ಸಂದರ್ಭ ಬಂದಾಗ ಅದು ಮತ್ತೆ ಅದನ್ನೇ ಮಾಡುತ್ತದೆ. ಸೋತದ್ದಕ್ಕೆ ನಾಚಿಕೆಪಟ್ಟು ಮುಂದಿನ ಪಂದ್ಯಕ್ಕೆ ಬೇರೆ ಉಪಾಯ ಹೂಡುವುದು ಮನುಷ್ಯನಿಂದ ಆಗುತ್ತದೆ, ಅಂಗಡಿಯಿಂದ ಬಂದ ಈ ಪ್ರೋಗ್ರಾಂನಿಂದ ಆಗುವುದಿಲ್ಲ.

ಹೀಗೆ ಯಂತ್ರದ ದೌರ್ಬಲ್ಯ ಹುಡುಕಿ ಗೆಲ್ಲುವುದೂ ಒಂದು ಬಗೆಯ ಮೋಸವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒಂದೇ ಜಾಗದಿಂದ ಒಂದೇ ರೀತಿ ಒದ್ದರೆ ಪ್ರತಿ ಸಲವೂ ಗೋಲಾಗುವ ದೋಷ ಪ್ರೋಗ್ರಾಂನಲ್ಲಿದ್ದು, ಅದನ್ನೇ ಹಿಡಿದು ಆಡಿದರೆ ಆಟ ಸಪ್ಪೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಎದುರಾಳಿಯ ಚಟ ಗಮನಿಸಿ, ಅದಕ್ಕೆ ತಕ್ಕ ಉಪಾಯ ಹೂಡುವುದು ಎಲ್ಲ ಆಟಗಳ ಜೀವ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡವೇ ಆಗಲಿ, ಬೇರೆ ಯಾವ ತಂಡವೇ ಆಗಲಿ, ಎದುರಾಳಿಯ ಬಲಾಬಲ ನೋಡದೆ ಫೈನಲ್‌ಗೆ ಇಳಿಯುವುದಿಲ್ಲ. ಪರದೆಯ ಮುಂದೆ ಕೂತ ಹುಡುಗ ಆ ಅಭ್ಯಾಸ ಕಲಿತರೆ ಅದು ಕಲಿಕೆ. ತಂದೆತಾಯಿ ‘ಬರೀ ಗೇಮ್’ ಎಂದು ತಳ್ಳಿಹಾಕುವ ಈ ಗಳಿಗೆಯಲ್ಲಿ ಅವನು ಗಮನಿಸುವುದನ್ನು, ಊಹಿಸುವುದನ್ನು, ಊಹೆ ಸರಿಯೇ ಎಂದು ಮತ್ತೆ ಆಡಿ ಪರೀಕ್ಷಿಸುವುದನ್ನು ಮಾಡುತ್ತಿರುತ್ತಾನೆ. ಅವನ ಕೈಗೆ ಮಾಹಿತಿ ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ರಿಯಾಯಿತಿಯನ್ನು ಬಹಿರಂಗವಾಗಿ ಕೊಟ್ಟರೆ ಆಟ ಕೆಡುವುದಿಲ್ಲ ಎನ್ನುವುದಕ್ಕೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಉದಾಹರಣೆ ಇದೆ. ಕುಣಿಗಲ್ ಟಿಪ್ಪುವಿನ ಕಾಲದಿಂದಲೂ ಕುದುರೆಗೆ ಹೆಸರಾದ ಊರು, ಅಲ್ಲಿನ ಫಾರಂನಲ್ಲಿ ಹುಟ್ಟಿದ ಕುದುರೆಗಳು ದೇಶದ ದೊಡ್ಡ ರೇಸುಗಳಲ್ಲಿ ಓಡಿವೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಮಂದ ಓಟದ್ದಕ್ಕೆ ಕಡಿಮೆ ಭಾರ ಹೊರಿಸುತ್ತಾರೆ. ಎಲ್ಲ ಕುದುರೆಗಳೂ ಹತ್ತಿರ ಹತ್ತಿರ ಮುಗಿಸಲಿ ಎಂಬುದೇ ಉದ್ದೇಶ, ವಿಡಿಯೊ ಗೇಮಿನವರು ಮಾಡುವುದೂ ಹೆಚ್ಚು ಕಡಿಮೆ ಅದನ್ನೇ. ವ್ಯತ್ಯಾಸ ಒಂದೇ. ಯಾವ ಕುದುರೆಯ ಮೇಲೆ ಎಷ್ಟು ಕೆಜಿ ಎಂಬುದು ರೇಸಿಗೆ ಮುಂಚೆಯೇ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಭಾರವನ್ನು ಓಟದ ನಡುವೆ ಯಾರೂ ಬದಲಾಯಿಸುವುದಿಲ್ಲ, ಬದಲಾಯಿಸಿದ್ದು ಗೊತ್ತಾದರೆ ಅದು ಹಗರಣ.

ಗುಟ್ಟು ಬಿಟ್ಟುಕೊಟ್ಟರೆ ಮಜಾ ಹೋಗುತ್ತದೆ ಎಂಬುದು ಗೇಮ್ ರೂಪಿಸುವವರ ಕಡೆಯ ಗಟ್ಟಿಯಾದ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. 2005ರಲ್ಲಿ ಬಂದ ‘ರೆಸಿಡೆಂಟ್ ಈವಿಲ್ 4’ ಆಟಗಾರ ಪದೇಪದೇ ಸತ್ತರೆ ಸದ್ದಿಲ್ಲದೆ ಶತ್ರುಗಳನ್ನು ಸಡಿಲ ಮಾಡುತ್ತಿತ್ತು. ಅದನ್ನು ಇವತ್ತಿಗೂ ಅತ್ಯುತ್ತಮ ಆಟಗಳಲ್ಲಿ ಒಂದೆಂದು ಮೆಚ್ಚುತ್ತಾರೆ. ಆದರೆ ಆ ಆಟದಲ್ಲಿ ಸೋತವನಿಗೆ ಮಾರಲು ಏನೂ ಇರಲಿಲ್ಲ. ಒಂದು ಸಲ ದುಡ್ಡು ಕೊಟ್ಟು ಡಿಸ್ಕ್ ತಂದರೆ ಮುಗಿಯಿತು. ಗುಟ್ಟಾಗಿ ಕಷ್ಟ ಬದಲಾಯಿಸುವವರೂ, ಕಷ್ಟಕ್ಕೆ ಪರಿಹಾರ ಮಾರುವವರೂ ಒಬ್ಬರೇ ಆದಾಗ ವಿಷಯ ಬೇರೆಯಾಗುತ್ತದೆ. ಇವತ್ತಿನ ಫುಟ್‌ಬಾಲ್ ಗೇಮುಗಳ ಮುಖ್ಯ ವ್ಯಾಪಾರ ಆಟಗಾರರ ಕಾರ್ಡುಗಳದ್ದು. ಪ್ಯಾಕ್ ಕೊಳ್ಳಬೇಕು, ಒಳಗೆ ಯಾರು ಬರುತ್ತಾರೋ ತೆರೆದ ಮೇಲೆಯೇ ತಿಳಿಯಬೇಕು. ಯಂತ್ರವೋ, ಬಲಿಷ್ಠ ಕಾರ್ಡ್ ಇಟ್ಟುಕೊಂಡ ಇನ್ನೊಬ್ಬನೋ ಸೋಲಿಸಿದ ಬೇಸರದಲ್ಲೇ ಅಂಗಡಿಯ ಪರದೆ ಕಣ್ಣಿಗೆ ಬೀಳುತ್ತದೆ, ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ. ಹಾಗಿರುವಾಗ ಸೋಲಿನ ಹಿಂದಿನ ಲೆಕ್ಕ ಗುಟ್ಟಾಗಿರಬಾರದು.

ಹೊರದೇಶಗಳು ಈ ಪ್ರಶ್ನೆಯ ಒಂದು ತುದಿಯನ್ನಾದರೂ ಹಿಡಿದಿವೆ. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಇಂಥ ಪ್ಯಾಕುಗಳು ಜೂಜು ಎಂದಿತು, 2019ರ ಜನವರಿಯಲ್ಲಿ ಇಎ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರಾಟ ನಿಲ್ಲಿಸಿತು. ನೆದರ್ಲೆಂಡ್ಸ್‌ನಲ್ಲಿ ಇದೇ ಪ್ಯಾಕುಗಳಿಗಾಗಿ ಇಎಗೆ ವಿಧಿಸಿದ ಒಂದು ಕೋಟಿ ಯೂರೊ ದಂಡವನ್ನು 2022ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ರದ್ದು ಮಾಡಿತು. ಜೂಜೋ ಅಲ್ಲವೋ ಎಂಬ ವಾದ ಎಲ್ಲ ಕಡೆಯೂ ಒಂದೇ ಉತ್ತರಕ್ಕೆ ಬರುವುದಿಲ್ಲ ಎಂಬುದಕ್ಕೆ ಈ ಎರಡು ನೆರೆ ದೇಶಗಳೇ ಸಾಕ್ಷಿ. ನನಗೆ ಹೆಚ್ಚು ಒಪ್ಪಿಗೆಯಾಗುವುದು ದಕ್ಷಿಣ ಕೊರಿಯಾದ ದಾರಿ. ಯಾವ ವಸ್ತು ಸಿಗುವ ಸಂಭವ ಎಷ್ಟು ಎಂಬುದನ್ನು ಪ್ರಕಟಿಸಲೇಬೇಕು ಎಂಬ ಕಾನೂನು ಅಲ್ಲಿ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದಕ್ಕೆ ಎರಡು ತಿಂಗಳು ಮುಂಚೆ ಅಲ್ಲಿನ ವ್ಯಾಪಾರ ಆಯೋಗ ‘ಮೇಪಲ್‌ಸ್ಟೋರಿ’ ಆಟದ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತ್ತು. ಸಂಭವದ ಲೆಕ್ಕವನ್ನು ಆಟಗಾರರಿಗೆ ಹೇಳದೆ ಅವರಿಗೆ ನಷ್ಟವಾಗುವಂತೆ ಬದಲಿಸಿದ್ದು ಅದರ ಅಪರಾಧ. ಕೊರಿಯಾ ಆಟವನ್ನು ನಿಷೇಧಿಸಲಿಲ್ಲ, ಜೂಜು ಎಂದೂ ಕರೆಯಲಿಲ್ಲ. ಲೆಕ್ಕ ತೋರಿಸಿ, ಸುಳ್ಳು ಲೆಕ್ಕ ತೋರಿಸಬೇಡಿ ಎಂದಿತು.

ನಮ್ಮಲ್ಲಿ ನಡೆದ ಚರ್ಚೆ ಬೇರೆಯದೇ ಹಾದಿ ಹಿಡಿಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದೇ ಅಲ್ಲಿ ವಾದದ ತಿರುಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ–ಅದೃಷ್ಟದ ಭೇದವನ್ನೇ ಬದಿಗಿಟ್ಟು, ಹಣ ಗೆಲ್ಲುವ ಆಸೆಗೆ ಹಣ ಕಟ್ಟುವ ಆಟಗಳನ್ನೆಲ್ಲ ನಿಷೇಧಿಸಿತು. ಇ–ಸ್ಪೋರ್ಟ್ಸ್‌ಗೆ, ಸಾಮಾಜಿಕ ಆಟಗಳಿಗೆ ಪ್ರೋತ್ಸಾಹ ಎಂದಿತು. ಎದುರಾಳಿ ಯಾರು, ಅವನನ್ನು ನಡೆಸುತ್ತಿರುವುದು ಯಾರು ಎಂಬ ಪ್ರಶ್ನೆ ಈ ಚರ್ಚೆಯಲ್ಲಿ ಹಿಂದೆ ಬಿದ್ದಿತು. ಅದು ಸಣ್ಣ ಪ್ರಶ್ನೆಯಲ್ಲ. 2025ರ ನವೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯದ ಬೆಂಗಳೂರು ಕಚೇರಿ ತನಿಖೆ ನಡೆಸಿದ ಪ್ರಕರಣವೊಂದರಲ್ಲಿ, ಹಣ ಕಟ್ಟಿದ ಆಟಗಾರರಿಗೆ ತಿಳಿಸದೆ ಅವರನ್ನು ಮನುಷ್ಯರ ವೇಷದ ಸಾಫ್ಟ್‌ವೇರ್ ಜತೆ ಆಡಿಸಲಾಗಿತ್ತು ಎಂಬ ಆರೋಪ ಹೊರಬಂತು. ಆರೋಪ ಸಾಬೀತಾಗಬೇಕಾದ್ದು ಕೋರ್ಟಿನಲ್ಲಿ. ಆದರೆ ಹಣ ಕಟ್ಟುವ ಆಟ ನಿಂತಿತೆಂದು ಸುಮ್ಮನಿರುವಂತಿಲ್ಲ. ಫುಟ್‌ಬಾಲ್ ಗೇಮಿನಲ್ಲಿ ಹಣ ಗೆಲ್ಲುವುದಿಲ್ಲ, ಖರ್ಚಾಗುವುದು ಮಾತ್ರ. ಗೆಲ್ಲುವ ಆಸೆಯನ್ನೇ ಅಳತೆಗೋಲು ಮಾಡಿಕೊಂಡ ಕಾನೂನಿಗೆ ಅದು ಸುಲಭವಾಗಿ ಕಾಣಿಸುವುದಿಲ್ಲ. ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇದಕ್ಕಿಂತ ಹತ್ತಿರದ ಆಯುಧ. ಅದು ಹೆಸರಿಸಿರುವ ಹದಿಮೂರು ಬಗೆಗಳಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ ಒಂದು. ಸೋತವನ ಮುಂದೆ ಓಡುವ ಪ್ಯಾಕಿನ ಗಡಿಯಾರಕ್ಕೆ ಅದನ್ನು ಅನ್ವಯಿಸಿ ನೋಡಲು ಅಡ್ಡಿಯಿಲ್ಲ.

ಮಕ್ಕಳ ಶಾಲೆ, ಆಸ್ಪತ್ರೆ, ರಸ್ತೆಯ ಸಮಸ್ಯೆಗಳಿರುವಾಗ ಗೇಮಿನ ನ್ಯಾಯ ಯಾರಿಗೆ ಬೇಕು ಎನ್ನುವವರಿಗೆ ಒಂದು ಮಾತು. ಯಂತ್ರದ ಜತೆ ವ್ಯವಹರಿಸುವುದನ್ನು ನಮ್ಮ ಮಕ್ಕಳು ಮೊದಲು ಕಲಿಯುವುದು ಗೇಮಿನಲ್ಲಿ. ಯಂತ್ರ ಹೇಳಿದ್ದಕ್ಕೆ ಕಾರಣ ಕೇಳಬಹುದು, ಅದರ ನಿಯಮ ನೋಡಬಹುದು ಎಂಬ ಅಭ್ಯಾಸ ಅಲ್ಲಿ ಬರದಿದ್ದರೆ, ನಾಳೆ ಸಾಲದ ಅರ್ಜಿಯನ್ನೋ ಕೆಲಸದ ಅರ್ಜಿಯನ್ನೋ ಸಾಫ್ಟ್‌ವೇರ್ ತಿರಸ್ಕರಿಸಿದಾಗ ಏಕೆ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಮಾಡಬೇಕಾದ್ದು ದೊಡ್ಡದೇನಲ್ಲ. ಗೇಮ್ ಡೌನ್‌ಲೋಡ್ ಮಾಡುವ ಪುಟದಲ್ಲಿ ಕನ್ನಡದಲ್ಲೂ ನಾಲ್ಕು ಸಾಲು ಇರಲಿ: ಎದುರಾಳಿ ಮನುಷ್ಯನೋ ಕಂಪ್ಯೂಟರೋ, ಕಂಪ್ಯೂಟರಾದರೆ ಅದಕ್ಕೆ ಯಾವ ಹೆಚ್ಚಿನ ಅನುಕೂಲ ಇದೆ, ಪಂದ್ಯದ ನಡುವೆ ಕಷ್ಟದ ಮಟ್ಟ ಬದಲಾಗುತ್ತದೆಯೇ, ಬದಲಾಗುವುದಾದರೆ ಅದನ್ನು ನಿಲ್ಲಿಸುವ ಬಟನ್ ಎಲ್ಲಿದೆ. ಪ್ರೋಗ್ರಾಂನ ಒಳಗುಟ್ಟು ಬಿಚ್ಚಿಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ, ಆದ್ದರಿಂದ ವ್ಯಾಪಾರದ ರಹಸ್ಯ ಹೋಯಿತು ಎಂಬ ನೆಪಕ್ಕೂ ಜಾಗವಿಲ್ಲ. ಜಗತ್ತಿನ ದೊಡ್ಡ ಕಂಪನಿಗಳು ನಮ್ಮ ಮಾತು ಕೇಳಲು ಕೇಂದ್ರದ ಕಾನೂನೇ ಬೇಕಾಗಬಹುದು. ಕರ್ನಾಟಕ ಮಾತ್ರ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಷ್ಟು ಹಿಂದೆಯೇ ನೀತಿ ರೂಪಿಸಿದ ರಾಜ್ಯ ಇದು. 2024–29ರ ಹೊಸ ನೀತಿಯಲ್ಲೂ ಇಲ್ಲಿನ ಸ್ಟುಡಿಯೊಗಳಿಗೆ ಪ್ರೋತ್ಸಾಹಧನ ಇದೆ. ಸರ್ಕಾರದ ಹಣ ಪಡೆದು ಗೇಮ್ ಮಾಡುವವರಿಂದ ಈ ನಾಲ್ಕು ಸಾಲು ಕೇಳಲು ವಿಧಾನಸಭೆಯಲ್ಲಿ ಮಸೂದೆ ಮಂಡಿಸಬೇಕಾಗಿಲ್ಲ, ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು.